ಕಂಠವೂ ಕೀಲಿಮಣೆಯೂ

ಹಾಡುವವರು ಎಷ್ಟೇ ದೊಡ್ಡ ವಿದ್ವಾಂಸರಾಗಿರಲಿ, ಅವರಿಗಿರುವ ಕಂಠ ಒಂದೇ. ಆ ಕಂಠದಿಂದ ಒಂದು ಗಳಿಗೆಗೆ ಒಂದು ಸ್ವರ ಹೊರಡುವುದೇ ಸಾಮಾನ್ಯ ನಿಯಮ. ಮೂರು ಸ್ವರಗಳು ಏಕಕಾಲದಲ್ಲಿ ಕೇಳಬೇಕೆಂದರೆ ಮೂವರು ಕಲೆತು ಹಾಡಬೇಕು. ಪಾಶ್ಚಾತ್ಯರ ಸ್ವರಮೇಳ ಪದ್ಧತಿ, ಅವರ ಇಗರ್ಜಿಗಳ ವೃಂದಗಾನ, ಇವೆಲ್ಲ ಬೆಳೆದುಬಂದದ್ದು ಈ ನಿಯಮಕ್ಕೆ ತಲೆಬಾಗಿಯೇ. ಆದರೆ ಕಳೆದ ಐವತ್ತು ವರ್ಷಗಳಿಂದೀಚೆಗೆ ಈ ನಿಯಮಕ್ಕೆ ಒಂದು ವಿಚಿತ್ರವಾದ ಅಪವಾದ ಹುಟ್ಟಿಕೊಂಡಿದೆ. ಗಾಯಕನೊಬ್ಬ ಮೈಕ್ರೊಫೋನಿನ ಮುಂದೆ ಕುಳಿತು, ಎಲೆಕ್ಟ್ರಾನಿಕ್ ಕೀಲಿಮಣೆಯ ಮೇಲೆ ಬೆರಳಿಟ್ಟು, ಒಂದು ಸಾಲು ಹಾಡುತ್ತಾನೆ. ಬೆರಳುಗಳು ಎಷ್ಟು ಸ್ವರಗಳನ್ನು ಒತ್ತಿರುವುವೋ ಅಷ್ಟು ಸ್ವರಗಳಲ್ಲಿ ಆ ಸಾಲು ಹೊರಡುತ್ತದೆ. ಮಾತು ಅವನದೇ, ಉಚ್ಚಾರಣೆ ಅವನದೇ. ಆದರೆ ಕೇಳುವವರ ಕಿವಿಗೆ ನಾಲ್ಕಾರು ಮಂದಿ ಹಾಡಿದಂತಾಗುತ್ತದೆ.

ಇದನ್ನು ಅಂಗಡಿಯ ಆಟಿಕೆಯೆಂದು ತಳ್ಳಿಹಾಕುವವರುಂಟು. ಯಂತ್ರದ ಮಾಯೆಯೆಂದು ಬೆರಗಾಗುವವರೂ ಉಂಟು. ವಾಸ್ತವವಾಗಿ ಇದು ಎರಡೂ ಅಲ್ಲ. ಸಂಗೀತಕ್ಕಾಗಿ ಹುಟ್ಟಿದ ಉಪಕರಣವೂ ಇದಲ್ಲ. ಟೆಲಿಫೋನು ತಂತಿಯ ಖರ್ಚನ್ನು ಉಳಿಸಲು ಹೊರಟ ಇಂಜಿನಿಯರೊಬ್ಬರ ಯೋಚನೆ, ಮಹಾಯುದ್ಧದ ರಹಸ್ಯ ಸಂಭಾಷಣೆಗಳಲ್ಲಿ ದುಡಿದು, ಬಾನುಲಿ ನಿಲಯಗಳ ಬಾಗಿಲನ್ನು ಹಾದು, ಕಟ್ಟಕಡೆಗೆ ಸಂಗೀತಗಾರನ ಕೈಸೇರಿದ ಕಥೆ ಇದು. ಈ ಕಥೆಯ ಉದ್ದಕ್ಕೂ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ: ಮನುಷ್ಯನ ಧ್ವನಿಯಲ್ಲಿ ಬಾಯಿಯ ಪಾಲು ಎಷ್ಟು, ಕಂಠದ ಪಾಲು ಎಷ್ಟು, ಇವೆರಡರಲ್ಲಿ ಒಂದನ್ನು ಬೆರಳಿಗೆ ಒಪ್ಪಿಸಿದರೆ ಉಳಿಯುವುದೇನು?

ಮೊದಲು ಈ ಪಾಲುಗಳ ವಿಚಾರವನ್ನು ನೋಡೋಣ. ವಾಚಕರು ಒಂದು ಚಿಕ್ಕ ಪರೀಕ್ಷೆಯನ್ನು ತಾವೇ ಮಾಡಿ ನೋಡಬಹುದು. ಬಾಯಿ ಮುಚ್ಚಿಕೊಂಡು ಒಂದು ರಾಗವನ್ನು ಗುನುಗಿರಿ: ರಾಗ ತಿಳಿಯುತ್ತದೆ, ಮಾತು ತಿಳಿಯುವುದಿಲ್ಲ. ಇನ್ನು ಅದೇ ಹಾಡಿನ ಮಾತುಗಳನ್ನು ಪಿಸುಗುಟ್ಟಿರಿ: ಮಾತು ತಿಳಿಯುತ್ತದೆ, ರಾಗ ತಿಳಿಯುವುದಿಲ್ಲ. ಅಂದಮೇಲೆ ರಾಗವಿರುವುದು ಕಂಠದ ತಂತುಗಳ ಕಂಪನದಲ್ಲಿ. ಮಾತಿರುವುದು ನಾಲಗೆ, ತುಟಿ, ಅಂಗುಳಗಳು ಕ್ಷಣಕ್ಷಣಕ್ಕೂ ಕಟ್ಟಿ ಕೆಡಿಸುವ ಬಾಯಿಯ ಆಕಾರದಲ್ಲಿ. ಕಂಠದ ಗುಂಯ್‌ಗುಡುವಿಕೆ ಕಚ್ಚಾ ಸರಕು. ಬಾಯಿ ಅದನ್ನು ಅ, ಇ, ಉ ಎಂಬ ಅಚ್ಚುಗಳಲ್ಲಿ ಎರೆಯುತ್ತದೆ. ಕಂಠ ಕಂಪಿಸಿದಾಗ ಗ, ದ, ಬ ಹುಟ್ಟುತ್ತವೆ. ಕಂಪಿಸದೆ ಬರಿಯ ಉಸಿರೇ ಹರಿದಾಗ ಕ, ತ, ಪ, ಸ ಹುಟ್ಟುತ್ತವೆ. ನಮ್ಮ ಪ್ರಾಚೀನ ಶಿಕ್ಷಾಕಾರರು ಘೋಷ, ಅಘೋಷ ಎಂದು ವರ್ಣಗಳನ್ನು ವಿಂಗಡಿಸಿದ್ದು ಈ ಭೇದವನ್ನು ಗುರುತಿಸಿಯೇ.

ಮಾತನಾಡುವ ಯಂತ್ರವನ್ನು ಕಟ್ಟಲು ಹೊರಟ ಮೊದಲಿಗರು ಬಾಯಿಯನ್ನೇ ಅನುಕರಿಸಿದರು. ಹಂಗೆರಿ ರಾಜ್ಯದ ಪ್ರೆಸ್‌ಬರ್ಗಿನಲ್ಲಿ ಹುಟ್ಟಿದ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ೧೭೯೧ರಲ್ಲಿ ಮನುಷ್ಯನ ಮಾತಿನ ರಚನೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿ, ತಾನು ಕಟ್ಟಿದ ಯಂತ್ರವನ್ನು ಅದರಲ್ಲಿ ವರ್ಣಿಸಿದನು. ತಿದಿ ಶ್ವಾಸಕೋಶವಾಯಿತು, ಒಂದು ಪೀಪಿಯ ನಾಲಗೆ ಕಂಠವಾಯಿತು, ಅಂಗೈಯಿಂದ ಮುಚ್ಚಿ ತೆರೆಯುವ ಕೊಳವೆ ಬಾಯಿಯಾಯಿತು. ಜೋಸೆಫ್ ಫಾಬರ್ ಎಂಬಾತ ಇನ್ನೂ ಮುಂದೆ ಹೋಗಿ, ತಿದಿಗೆ ಪಿಯಾನೋದಂಥ ಕೀಲಿಮಣೆಯನ್ನೇ ಜೋಡಿಸಿದನು. ೧೮೪೬ರಲ್ಲಿ ಲಂಡನ್ನಿನಲ್ಲಿ ‘ಯೂಫೋನಿಯ’ ಎಂಬ ಹೆಸರಿನಿಂದ ಪ್ರದರ್ಶಿತವಾದ ಈ ಯಂತ್ರ ಮಾತನಾಡಿತು, ಹಾಡಿತು. ಕಂಠಕ್ಕೂ ಕೀಲಿಮಣೆಗೂ ಮೊದಲ ನಂಟು ಬೆಳೆದದ್ದು ಹೀಗೆ. ಆದರೆ ಒಂದು ಮಾತನ್ನು ಇಲ್ಲಿ ನೆನಪಿಡಬೇಕು: ಫಾಬರನ ಕೀಲಿಗಳು ಸ್ವರಗಳಿಗಾಗಿ ಇದ್ದವಲ್ಲ, ಅಕ್ಷರಗಳಿಗಾಗಿ ಇದ್ದವು. ಬಾಯಿಯ ಕೆಲಸವನ್ನು ಬೆರಳು ಮಾಡುತ್ತಿತ್ತು.

ನಮ್ಮ ಕಥೆಯ ನಿಜವಾದ ನಾಯಕರು ಅಮೆರಿಕದ ಬೆಲ್ ಟೆಲಿಫೋನ್ ಪ್ರಯೋಗಶಾಲೆಯ ಹೋಮರ್ ಡಡ್ಲಿ. ೧೯೨೭ರಲ್ಲಿ ನ್ಯೂಯಾರ್ಕಿಗೂ ಲಂಡನ್ನಿಗೂ ನಡುವೆ ಬಾನುಲಿ ಅಲೆಗಳ ಮೂಲಕ ಟೆಲಿಫೋನು ಸಂಪರ್ಕ ಏರ್ಪಟ್ಟಿತ್ತು. ಸಮುದ್ರದಡಿ ಇದ್ದ ತಂತಿಗಳು ಟೆಲಿಗ್ರಾಫಿನ ಕಟ್ಟ ಕಡ ಸದ್ದನ್ನು ಸಾಗಿಸಬಲ್ಲವಾಗಿದ್ದವೇ ಹೊರತು ಮಾತನ್ನು ಹೊರುವಷ್ಟು ವಿಶಾಲವಾಗಿರಲಿಲ್ಲ. ಮಾತಿಗೆ ಸೆಕೆಂಡಿಗೆ ಸುಮಾರು ಮೂರು ಸಾವಿರ ಕಂಪನಗಳವರೆಗಿನ ಹಾದಿ ಬೇಕು. ೧೯೨೮ರಲ್ಲಿ ಡಡ್ಲಿಯವರು ಒಂದು ಸರಳವಾದ ಪ್ರಶ್ನೆಯನ್ನು ಹಾಕಿಕೊಂಡರು: ನಾಲಗೆ, ತುಟಿಗಳು ಒಂದು ಸೆಕೆಂಡಿಗೆ ಸಾವಿರಾರು ಸಲವೇನೂ ಚಲಿಸುವುದಿಲ್ಲವಲ್ಲ, ಬಹಳವೆಂದರೆ ಹತ್ತಿಪ್ಪತ್ತು ಸಲ. ಹಾಗಿರುವಾಗ ಧ್ವನಿಯನ್ನೇ ಕಳುಹಿಸುವುದೇಕೆ? ಬಾಯಿಯ ಚಲನೆಯ ವಿವರವನ್ನು ಮಾತ್ರ ಕಳುಹಿಸಿ, ಆಚೆಯ ದಡದಲ್ಲಿ ಧ್ವನಿಯನ್ನು ಹೊಸದಾಗಿ ಮಾಡಿಕೊಂಡರೆ ಸಾಲದೆ?

ತಮ್ಮ ಸಿದ್ಧಾಂತವನ್ನು ವಿವರಿಸಲು ಡಡ್ಲಿಯವರು ಬಳಸಿದ ಉಪಮಾನ ಬಾನುಲಿಯ ಶ್ರೋತೃಗಳಿಗೆ ಹತ್ತಿರವಾದದ್ದು. ಬಾನುಲಿ ಪ್ರಸಾರದಲ್ಲಿ ವಾಹಕ ತರಂಗವೆಂಬುದು ಒಂದುಂಟು. ಆ ತರಂಗ ತಾನೇ ಏನನ್ನೂ ಹೇಳುವುದಿಲ್ಲ. ಭಾಷಣವನ್ನೋ ಸಂಗೀತವನ್ನೋ ಬೆನ್ನ ಮೇಲೆ ಹೊತ್ತು ಊರಿಂದೂರಿಗೆ ಹೋಗುತ್ತದೆ, ಅಷ್ಟೆ. ಮನುಷ್ಯನ ಕಂಠವೂ ಅಂಥ ಒಂದು ವಾಹಕ, ಬಾಯಿಯ ನಿಧಾನ ಚಲನೆಯೇ ಅದು ಹೊರುವ ಸಂದೇಶ ಎಂದು ೧೯೪೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಪ್ರತಿಪಾದಿಸಿದರು. ನಾಲಗೆ ಅಷ್ಟು ಮೆಲ್ಲಗೆ ಅಲುಗಿದರೆ ಕಿವಿಗೆ ಕೇಳಿಸದು. ಆದ್ದರಿಂದಲೇ ಪ್ರಕೃತಿ ಅದಕ್ಕೆ ಕಂಠವೆಂಬ ವಾಹನವನ್ನು ಕೊಟ್ಟಿದೆ.

ಈ ತತ್ತ್ವದ ಮೇಲೆ ಅವರು ಕಟ್ಟಿದ ಯಂತ್ರವೇ ‘ವೊಕೋಡರ್’. ಧ್ವನಿಯನ್ನು ಸಂಕೇತವಾಗಿಸುವಂಥದು ಎಂದು ಹೆಸರಿನ ಅರ್ಥ. ಮೈಕ್ರೊಫೋನಿಗೆ ಬಂದ ಮಾತನ್ನು ಅದು ತಗ್ಗಿನಿಂದ ಮೇಲಕ್ಕೆ ಹತ್ತು ಪಟ್ಟಿಗಳಾಗಿ ಸೀಳಿ, ಪ್ರತಿಯೊಂದು ಪಟ್ಟಿಯಲ್ಲೂ ಎಷ್ಟು ಬಲವಿದೆ ಎಂಬುದನ್ನು ಮಾತ್ರ ಅಳೆಯುತ್ತದೆ. ಜೊತೆಗೆ ಕಂಠ ಕಂಪಿಸುತ್ತಿದೆಯೇ ಇಲ್ಲವೇ, ಕಂಪಿಸುತ್ತಿದ್ದರೆ ಯಾವ ಶ್ರುತಿಯಲ್ಲಿ ಎಂಬುದನ್ನು ಬೇರೊಂದು ದಾರಿಯಲ್ಲಿ ಗುರುತಿಸುತ್ತದೆ. ಆಚೆಯ ತುದಿಯಲ್ಲಿ ಒಂದು ಕೃತಕ ಗುಂಯ್‌ಕಾರವೂ ಒಂದು ಕೃತಕ ಸುಯ್ದನಿಯೂ ಸಿದ್ಧವಾಗಿರುತ್ತವೆ. ಇವನ್ನು ಅದೇ ಬಗೆಯ ಹತ್ತು ಪಟ್ಟಿಗಳ ಮೂಲಕ ಹಾಯಿಸಿ, ಬಂದ ಅಳತೆಗಳಂತೆ ಒಂದೊಂದು ಪಟ್ಟಿಯನ್ನು ತೆರೆದು ಮುಚ್ಚಿದರೆ ಯಂತ್ರ ಮಾತನಾಡುತ್ತದೆ. ಹೀಗೆ ಮಾಡಿದಾಗ ಮೊದಲಿನ ಹತ್ತರಲ್ಲೊಂದು ಪಾಲು ಹಾದಿ ಸಾಕಾಯಿತು. ಈ ರಚನೆಗೆ ೧೯೩೯ರ ಮಾರ್ಚಿಯಲ್ಲಿ ಅವರಿಗೆ ಪೇಟೆಂಟು ದೊರೆಯಿತು. ಇಲ್ಲಿ ಅವರ ಉದ್ದೇಶವಲ್ಲದ ಒಂದು ಸಾಧ್ಯತೆ ಅಡಗಿತ್ತು: ಆಚೆಯ ತುದಿಯ ಗುಂಯ್‌ಕಾರ ಮನುಷ್ಯಕಂಠದ್ದೇ ಆಗಿರಬೇಕೆಂಬ ನಿರ್ಬಂಧವಿಲ್ಲ. ಅಲ್ಲಿ ಒಂದು ಆರ್ಗನ್ನನ್ನೋ ತಂತಿವಾದ್ಯವನ್ನೋ ಇಟ್ಟರೆ ಆ ವಾದ್ಯವೇ ಮಾತನಾಡತೊಡಗುತ್ತದೆ.

ಸಾರ್ವಜನಿಕರು ಮೊದಲು ಕಂಡದ್ದು ವೊಕೋಡರನ್ನಲ್ಲ, ಅದರ ಅರ್ಧಭಾಗವನ್ನು. ‘ವೋಡರ್’ ಎಂಬ ಈ ಯಂತ್ರವನ್ನು ೧೯೩೯ರ ನ್ಯೂಯಾರ್ಕ್ ವಿಶ್ವಪ್ರದರ್ಶನದಲ್ಲಿ ಇಡಲಾಗಿತ್ತು. ಇದರಲ್ಲಿ ಮೈಕ್ರೊಫೋನಿಲ್ಲ, ಮಾತನಾಡುವ ಬಾಯಿಯೂ ಇಲ್ಲ. ಹತ್ತು ಪಟ್ಟಿಗಳಿಗೆ ಹತ್ತು ಬೆರಳು. ಗುಂಯ್‌ಕಾರದಿಂದ ಸುಯ್ದನಿಗೆ ಬದಲಾಯಿಸಲು ಮಣಿಕಟ್ಟಿನ ಕೆಳಗೊಂದು ಪಟ್ಟೆ. ಶ್ರುತಿಯನ್ನು ಏರಿಸಿ ಇಳಿಸಲು ಕಾಲಿನ ತುಳಿಗೋಲು. ಇದನ್ನು ನುಡಿಸಿದವರು ಟೆಲಿಫೋನು ಕಂಪನಿಯ ಕಾರ್ಯಕರ್ತೆಯರು. ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದರೂ ಕೈಪಳಗಿಸಿಕೊಂಡವರು ಇಪ್ಪತ್ತು ಮೂವತ್ತು ಮಂದಿ ಮಾತ್ರ. ಅವರಿಗೂ ಸುಮಾರು ಒಂದು ವರ್ಷದ ಅಭ್ಯಾಸ ಬೇಕಾಯಿತು. ಅವರಲ್ಲಿ ಹೆಲೆನ್ ಹಾರ್ಪರ್ ಅವರ ಹೆಸರು ಇಂದಿಗೂ ಉಳಿದಿದೆ. ‘ಅವಳು ನನ್ನನ್ನು ನೋಡಿದಳು’ ಎಂಬಂಥ ಒಂದೇ ವಾಕ್ಯವನ್ನು, ನೋಡಿದ್ದು ಯಾರು, ಯಾರನ್ನು, ನೋಡಿದ್ದೋ ಕೇಳಿದ್ದೋ ಎಂಬ ಮೂರು ಪ್ರಶ್ನೆಗಳಿಗೆ ತಕ್ಕಂತೆ ಮೂರು ಬಗೆಯ ಒತ್ತಿನಲ್ಲಿ ಯಂತ್ರದಿಂದ ನುಡಿಸಿ ತೋರಿಸಲಾಗುತ್ತಿತ್ತು. ವೀಣೆ ಕಲಿಯುವಷ್ಟೇ ಶ್ರಮಪಟ್ಟು ಈ ಹೆಣ್ಣುಮಕ್ಕಳು ಕಲಿತದ್ದು ಒಂದು ಮಗು ಮೂರು ವರ್ಷದೊಳಗೆ ತಾನಾಗಿ ಕಲಿಯುವ ವಿದ್ಯೆಯನ್ನು! ಬಾಯಿಯ ಕೆಲಸವನ್ನು ಬೆರಳಿಗೆ ಒಪ್ಪಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅಷ್ಟರಲ್ಲಿ ಯುದ್ಧ ಬಂತು. ವಾಷಿಂಗ್ಟನ್ನಿಗೂ ಲಂಡನ್ನಿಗೂ ನಡುವೆ ನಾಯಕರು ಆಡುವ ಮಾತು ಶತ್ರುವಿನ ಕಿವಿಗೆ ಬೀಳಬಾರದಾಗಿತ್ತು. ವೊಕೋಡರ್ ಮಾತನ್ನು ಕೆಲವು ನಿಧಾನವಾದ ಅಳತೆಗಳಾಗಿ ಮಾಡುತ್ತದಷ್ಟೆ. ಅವನ್ನು ಸೆಕೆಂಡಿಗೆ ಐವತ್ತು ಸಲ ಅಂಕಿಗಳಾಗಿ ಬರೆದುಕೊಂಡು, ಪ್ರತಿಯೊಂದಕ್ಕೂ ಗೊತ್ತುಗುರಿಯಿಲ್ಲದ ಇನ್ನೊಂದು ಅಂಕಿಯನ್ನು ಕೂಡಿಸಿದರೆ ಕದ್ದು ಕೇಳುವವನಿಗೆ ಬರಿಯ ಗದ್ದಲ ಸಿಕ್ಕೀತು. ಆ ಗೊತ್ತುಗುರಿಯಿಲ್ಲದ ಅಂಕಿಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸಿ, ಒಂದನ್ನು ಈ ದಡದಲ್ಲೂ ಅದರ ಜೋಡಿಯನ್ನು ಆ ದಡದಲ್ಲೂ ಇಟ್ಟು, ಎರಡನ್ನೂ ಕ್ಷಣವೂ ತಪ್ಪದಂತೆ ಜೊತೆಜೊತೆಗೆ ತಿರುಗಿಸುತ್ತಿದ್ದರು. ಒಮ್ಮೆ ಬಳಸಿದ ತಟ್ಟೆಯನ್ನು ನಾಶಮಾಡುತ್ತಿದ್ದರು. ‘ಸಿಗ್‌ಸ್ಯಾಲಿ’ ಎಂಬ ಈ ವ್ಯವಸ್ಥೆ ೧೯೪೩ರ ಜುಲೈ ೧೫ರಂದು ಆರಂಭವಾಯಿತು. ಒಂದೊಂದು ತುದಿಯ ಯಂತ್ರವೂ ೫೫ ಟನ್ ತೂಗುತ್ತಿತ್ತು. ಲಂಡನ್ನಿನ ಯಂತ್ರವನ್ನು ಸೆಲ್ಫ್‌ರಿಜಸ್ ಎಂಬ ದೊಡ್ಡ ಅಂಗಡಿಯ ಕಟ್ಟಡದ ನೆಲಮಾಳಿಗೆಯಲ್ಲಿ ಇರಿಸಿ, ಅಲ್ಲಿಂದ ಚರ್ಚಿಲ್ಲರ ಯುದ್ಧಕಾಲದ ಕಚೇರಿಗೆ ತಂತಿ ಎಳೆದಿದ್ದರು. ಬ್ರಿಟಿಷರ ಪರವಾಗಿ ಅದನ್ನು ಪರಿಶೀಲಿಸಲು ೧೯೪೩ರ ಮೊದಲ ತಿಂಗಳುಗಳಲ್ಲಿ ಬೆಲ್ ಪ್ರಯೋಗಶಾಲೆಗೆ ಬಂದಿದ್ದವರು ಗಣಿತಜ್ಞ ಅಲನ್ ಟ್ಯೂರಿಂಗ್. ೧೯೪೬ರವರೆಗೆ ಮೂರು ಸಾವಿರಕ್ಕೂ ಹೆಚ್ಚು ಸಮಾಲೋಚನೆಗಳು ಇದರ ಮೂಲಕ ನಡೆದುವು. ಇಂಥದೊಂದು ಯಂತ್ರವಿತ್ತೆಂಬ ಸಂಗತಿ ಹೊರಬಿದ್ದದ್ದು ೧೯೭೬ರಲ್ಲಿ.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಸಿಗ್‌ಸ್ಯಾಲಿಯ ಮೂಲಕ ಬಂದ ಮಾತಿನ ಅರ್ಥ ತಿಳಿಯುತ್ತಿತ್ತು. ಮಾತನಾಡುವವರ ಗುರುತು ಮಾತ್ರ ಮಸುಕಾಗುತ್ತಿತ್ತು. ಮಾತು ಉಳಿದು ಮನುಷ್ಯ ಮರೆಯಾದಂತೆ. ಸೇನಾಪತಿಗಳಿಗೆ ಇದು ಸಹಿಸಬೇಕಾದ ಕುಂದು. ಆದರೆ ಮುಂದೆ ಸಂಗೀತಗಾರರ ಮನಸ್ಸನ್ನು ಸೆಳೆದದ್ದು ಈ ಕುಂದೇ.

ಯುದ್ಧಾನಂತರ, ೧೯೪೮ರಲ್ಲಿ, ಡಡ್ಲಿಯವರು ಜರ್ಮನಿಯ ಬಾನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ಧ್ವನಿವಿಜ್ಞಾನಿ ವೆರ್ನರ್ ಮೇಯರ್ ಎಪ್ಲರರಿಗೆ ವೊಕೋಡರನ್ನು ಪರಿಚಯಿಸಿದರು. ಮೇಯರ್ ಎಪ್ಲರರ ಕಿವಿಗೆ ಬಿದ್ದದ್ದು ಟೆಲಿಫೋನಲ್ಲ, ಸಂಗೀತ. ಮರುವರ್ಷ ಅವರು ವಿದ್ಯುತ್ತಿನಿಂದ ನಾದೋತ್ಪಾದನೆಯನ್ನು ಕುರಿತು ಗ್ರಂಥ ಬರೆದರು. ಅವರ ಮತ್ತು ಸಂಗಡಿಗರ ಉಪನ್ಯಾಸಗಳ ಫಲವಾಗಿ ೧೯೫೧ರಲ್ಲಿ ಕೊಲೋನ್ ನಗರದ ಬಾನುಲಿ ನಿಲಯದಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಕಾರ್ಯಾಗಾರವೊಂದನ್ನು ತೆರೆಯುವ ತೀರ್ಮಾನವಾಯಿತು. ಅಲ್ಲಿ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ ೧೯೫೫-೫೬ರಲ್ಲಿ ಹುಡುಗನೊಬ್ಬನ ಹಾಡಿದ ಕಂಠವನ್ನೂ ವಿದ್ಯುನ್ನಾದಗಳನ್ನೂ ಬೆಸೆದು ರಚಿಸಿದ ಕೃತಿ ಹೆಸರಾಯಿತು. ಅದರಲ್ಲಿ ವೊಕೋಡರ್ ಇಲ್ಲ. ಆದರೆ ಮಾತಿಗೂ ನಾದಕ್ಕೂ ನಡುವೆ ಗೋಡೆಯಿಲ್ಲವೆಂಬ ಪಾಠವನ್ನು ಸ್ಟಾಕ್‌ಹೌಸೆನ್ ಕಲಿತದ್ದು ಮೇಯರ್ ಎಪ್ಲರರಲ್ಲಿ. ಹೊಸ ಸಂಗೀತಕ್ಕೆ ಮೊದಲ ಆಶ್ರಯ ಕೊಟ್ಟದ್ದು ಒಂದು ಬಾನುಲಿ ನಿಲಯವೆಂಬುದು ಬಾನುಲಿಯ ಮಿತ್ರರಿಗೆ ಹೆಮ್ಮೆಯ ಸಂಗತಿ.

ಕೀಲಿಮಣೆ ಈ ಕಥೆಯೊಳಕ್ಕೆ ಮತ್ತೆ ಕಾಲಿಟ್ಟದ್ದು ೧೯೭೦ರಲ್ಲಿ. ರಾಬರ್ಟ್ ಮೂಗ್ ಎಂಬ ಇಂಜಿನಿಯರು ಆಗಲೇ ಕೀಲಿಮಣೆಯಿಂದ ನುಡಿಸುವ ಸಿಂಥಸೈಜರುಗಳನ್ನು ತಯಾರಿಸಿ ಪ್ರಸಿದ್ಧರಾಗಿದ್ದರು. ಅವರೂ ಸಂಗೀತಗಾರ್ತಿ ವೆಂಡಿ ಕಾರ್ಲೋಸರೂ ಸೇರಿ ಹತ್ತು ಪಟ್ಟಿಗಳ ಒಂದು ವೊಕೋಡರನ್ನು ಸಜ್ಜುಗೊಳಿಸಿದರು. ಮೈಕ್ರೊಫೋನಿನಿಂದ ರೇಚಲ್ ಎಲ್ಕಿಂಡರ ಹಾಡು ಬರುವುದು. ವಾಹಕದ ಜಾಗದಲ್ಲಿ ಸಿಂಥಸೈಜರಿನ ನಾದ ನಿಲ್ಲುವುದು. ಬೀಥೋವನ್ನನ ಒಂಬತ್ತನೆಯ ಸಿಂಫನಿಯ ಕಡೆಯ ಭಾಗದ ವೃಂದಗಾನವನ್ನು ಹೀಗೆ ಯಂತ್ರಕಂಠದಿಂದ ಹಾಡಿಸಿದ್ದು ೧೯೭೧ರ ‘ಎ ಕ್ಲಾಕ್‌ವರ್ಕ್ ಆರೆಂಜ್’ ಎಂಬ ಚಲನಚಿತ್ರದಲ್ಲಿ ಕೇಳಿಬಂತು. ೧೯೭೪ರಲ್ಲಿ ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡ ತಮ್ಮ ‘ಆಟೋಬಾನ್’ ಹಾಡಿನಲ್ಲಿ ವೊಕೋಡರಿನ ದನಿಯನ್ನು ಬಳಸಿತು. ೧೯೭೮ರಲ್ಲಿ ಜಾಜ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ‘ಸನ್‌ಲೈಟ್’ ಎಂಬ ಧ್ವನಿಮುದ್ರಿಕೆಯಲ್ಲಿ ವೊಕೋಡರ್ ಹಿಡಿದು ತಾವೇ ಗಾಯಕರಾದರು. ಗಾಯಕನಲ್ಲದ ವಾದಕನಿಗೂ ಕಂಠ ದೊರೆಯಿತು. ಶ್ರುತಿ ಸೇರಿಸುವ ಕೆಲಸವನ್ನು ಅವರ ನುರಿತ ಬೆರಳುಗಳು ವಹಿಸಿಕೊಂಡವು.

ಅದೇ ೧೯೭೮ರಲ್ಲಿ ಜಪಾನಿನ ಕೊರ್ಗ್ ಕಂಪನಿ ‘ವಿ.ಸಿ. ೧೦’ ಎಂಬ ಮಾದರಿಯನ್ನೂ, ಮರುವರ್ಷ ರೋಲಂಡ್ ಕಂಪನಿ ‘ವಿ.ಪಿ. ೩೩೦’ ಎಂಬ ಮಾದರಿಯನ್ನೂ ಮಾರಾಟಕ್ಕೆ ತಂದವು. ಕೀಲಿಮಣೆ, ವೊಕೋಡರ್, ಮೈಕ್ರೊಫೋನಿನ ಜೋಡಣೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ೫೫ ಟನ್ನಿನ ಯಂತ್ರದ ಮೊಮ್ಮಗುವನ್ನು ಈಗ ಒಬ್ಬನೇ ಹೊತ್ತುಕೊಂಡು ಕಛೇರಿಗೆ ಹೋಗಬಹುದಾಗಿತ್ತು. ೧೯೮೧ರಲ್ಲಿ ಲಾರಿ ಆಂಡರ್ಸನ್ ಅವರು ‘ಓ ಸೂಪರ್‌ಮ್ಯಾನ್’ ಎಂಬ ಎಂಟು ನಿಮಿಷಗಳ ಗೀತೆಯನ್ನು ಈ ದನಿಯಲ್ಲಿ ಹಾಡಿ, ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿಸಿದರು. ೨೦೦೨ರಲ್ಲಿ ಬಂದ ‘ಮೈಕ್ರೊಕೊರ್ಗ್’ ಎಂಬ ಪುಟ್ಟ ವಾದ್ಯದ ನೆತ್ತಿಯ ಮೇಲೆ ಬಾಗುವ ಕತ್ತಿನ ಮೈಕ್ರೊಫೋನನ್ನೇ ಸಿಕ್ಕಿಸಿರುತ್ತಾರೆ.

ಫಾಬರನ ಕಾಲದಿಂದ ಇಲ್ಲಿಯವರೆಗೆ ಏನು ನಡೆಯಿತೆಂಬುದನ್ನು ವಾಚಕರು ಈಗ ಊಹಿಸಿರಬಹುದು. ಬೆರಳಿಗೂ ಬಾಯಿಗೂ ಕೆಲಸದ ಅದಲುಬದಲಾಯಿತು. ಯೂಫೋನಿಯದಲ್ಲೂ ವೋಡರಿನಲ್ಲೂ ಬೆರಳು ಬಾಯಿಯ ಪಾತ್ರ ವಹಿಸಿತ್ತು. ಆದ್ದರಿಂದಲೇ ವರ್ಷಗಟ್ಟಲೆ ಅಭ್ಯಾಸ ಬೇಕಾಗಿತ್ತು. ಸಂಗೀತಗಾರರು ಬಾಯಿಯ ಕೆಲಸವನ್ನು ಬಾಯಿಗೇ ಬಿಟ್ಟು, ಕಂಠದ ಕೆಲಸವನ್ನು ಮಾತ್ರ ಬೆರಳಿಗೆ ಕೊಟ್ಟರು. ಸ್ವರಗಳನ್ನು ಆರಿಸುವುದರಲ್ಲಿ ಬೆರಳು ನಿಸ್ಸೀಮ. ಕಂಠಕ್ಕೆ ಒಂದೇ ಸ್ವರ ಸಾಧ್ಯವಾದರೆ ಬೆರಳಿಗೆ ಹತ್ತು ಸಾಧ್ಯ. ಒಂದೇ ಬಾಯಿ ಹತ್ತು ಕಂಠಗಳಿಗೆ ಅಚ್ಚಾಯಿತು. ಈ ವಾದ್ಯದ ವಿಶಿಷ್ಟ ನಾದಕ್ಕೆ ಕಾರಣವೂ ಇದೇ. ನಿಜವಾದ ವೃಂದಗಾನದಲ್ಲಿ ಒಬ್ಬರು ಕೂದಲೆಳೆಯಷ್ಟು ಮುಂದು, ಇನ್ನೊಬ್ಬರು ಹಿಂದು. ಒಬ್ಬರ ‘ಆ’ಕಾರ ಅಗಲ, ಇನ್ನೊಬ್ಬರದು ಕಿರಿದು. ಇಲ್ಲಿ ಎಲ್ಲರದೂ ಒಂದೇ ಬಾಯಿ, ಒಂದೇ ಕ್ಷಣ.

ಇದನ್ನು ನುಡಿಸುವವರಿಗೆ ಕೆಲವು ಸೂಕ್ಷ್ಮಗಳು ಅನುಭವದಿಂದ ತಿಳಿಯುತ್ತವೆ. ಕೀಲಿ ಒತ್ತದೆ ಹಾಡಿದರೆ ಸ್ವರ ಹೊರಡದು. ಹಾಡದೆ ಕೀಲಿ ಒತ್ತಿದರೂ ಹೊರಡದು. ವಾಹಕವಾಗಿ ಕೊಳಲಿನಂಥ ನಯವಾದ ನಾದವನ್ನು ಆರಿಸಿದರೆ ಮಾತು ಮಂಕಾಗುತ್ತದೆ, ಏಕೆಂದರೆ ಅದರಲ್ಲಿ ಬಾಯಿ ಕೊರೆಯಬೇಕಾದ ಮೇಲುಸ್ವರಗಳೇ ಕಡಿಮೆ. ಪಿಟೀಲಿನಂತೆ ಒರಟಾದ, ತುಂಬಿದ ನಾದವೇ ಒಳ್ಳೆಯದು. ಸ, ಶ, ಷ ಮುಂತಾದ ಅಘೋಷಗಳಿಗೆ ಸುಯ್ದನಿಯನ್ನು ಬೆರೆಸದಿದ್ದರೆ ಪದಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೈಕ್ರೊಫೋನನ್ನು ತುಟಿಯ ಹತ್ತಿರವೇ ಇಟ್ಟುಕೊಳ್ಳಬೇಕು. ದೂರವಿಟ್ಟರೆ ಪಕ್ಕದ ಮೃದಂಗದ ಪೆಟ್ಟನ್ನೂ ಯಂತ್ರ ಮಾತೆಂದೇ ತಿಳಿಯುತ್ತದೆ. ಹಾಡುವುದಕ್ಕಿಂತ, ಪ್ರತಿಯೊಂದು ಅಕ್ಷರವನ್ನೂ ಬಿಡಿಸಿ ಆಡುವುದರಿಂದಲೇ ಒಳ್ಳೆಯ ಫಲ ದೊರೆಯುತ್ತದೆ.

ವೊಕೋಡರಿಗೆ ಒಬ್ಬ ತಮ್ಮ ಹುಟ್ಟಿದ್ದುಂಟು. ಅವನ ಹೆಸರು ಹಾರ್ಮೊನೈಸರ್. ೧೯೭೫ರಲ್ಲಿ ಅಮೆರಿಕದ ಈವೆಂಟೈಡ್ ಕಂಪನಿ ‘ಎಚ್ ೯೧೦’ ಎಂಬ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಇದು ಕಂಠವನ್ನು ಸೀಳುವುದಿಲ್ಲ. ಬಂದ ಧ್ವನಿಯನ್ನು ಅಂಕಿಗಳಾಗಿ ನೆನಪಿನಲ್ಲಿಟ್ಟುಕೊಂಡು, ಅದರ ನಕಲನ್ನು ಬೇರೊಂದು ಶ್ರುತಿಯಲ್ಲಿ ಮೂಲದ ಜೊತೆಗೇ ಹೊರಡಿಸುತ್ತದೆ. ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕೆಂಬುದನ್ನು ಕೀಲಿಮಣೆಯಿಂದಲೂ ಹೇಳಬಹುದಾಗಿತ್ತು. ಇದರ ಮೊದಲ ಗಿರಾಕಿ ನ್ಯೂಯಾರ್ಕಿನ ಒಂದು ಟೆಲಿವಿಷನ್ ನಿಲಯ. ಜಾಹೀರಾತಿಗೆ ಜಾಗ ಮಾಡಲು ಹಳೆಯ ಹಾಸ್ಯಚಿತ್ರಗಳನ್ನು ತುಸು ವೇಗವಾಗಿ ಓಡಿಸಿದಾಗ ಕೀರಲಾಗುತ್ತಿದ್ದ ನಟರ ದನಿಯನ್ನು ಯಥಾಸ್ಥಿತಿಗೆ ಇಳಿಸುವುದಕ್ಕಾಗಿ ಅವರು ಇದನ್ನು ಕೊಂಡರಂತೆ.

ಸ್ವರಮೇಳಕ್ಕೆ ಇದನ್ನು ಬಳಸಿದವರಿಗೆ ಒಂದು ತೊಡಕು ಎದುರಾಯಿತು. ಗ್ರಾಮಫೋನ್ ತಟ್ಟೆಯನ್ನು ಬೇಗ ತಿರುಗಿಸಿದರೆ ಗಂಭೀರ ಗಾಯಕನೂ ಕೀಲುಗೊಂಬೆಯಂತೆ ಕಿರುಚುತ್ತಾನಷ್ಟೆ. ಶ್ರುತಿಯೊಡನೆ ಬಾಯಿಯ ಆಕಾರವೂ ಕುಗ್ಗುವುದೇ ಇದಕ್ಕೆ ಕಾರಣ. ೧೯೮೯ರಲ್ಲಿ ಕೀತ್ ಲೆಂಟ್ ಎಂಬವರು ಇದಕ್ಕೊಂದು ಸುಲಭೋಪಾಯವನ್ನು ಪ್ರಕಟಿಸಿದರು. ಕಂಠದ ಒಂದೊಂದು ಕಂಪನವನ್ನೂ ಇಡಿಯಾಗಿ ಕತ್ತರಿಸಿಕೊಂಡು, ಅದರ ರೂಪವನ್ನು ಹಿಗ್ಗಿಸದೆ ಕುಗ್ಗಿಸದೆ, ಮರುಕಳಿಸುವ ವೇಗವನ್ನು ಮಾತ್ರ ಬದಲಾಯಿಸಿದರೆ ಶ್ರುತಿ ಏರುತ್ತದೆ, ಬಾಯಿ ಇದ್ದಂತೆಯೇ ಇರುತ್ತದೆ. ಇಲ್ಲಿಯೂ ಕೆಲಸ ಮಾಡಿದ್ದು ಕಂಠವನ್ನೂ ಬಾಯಿಯನ್ನೂ ಬೇರ್ಪಡಿಸುವ ಡಡ್ಲಿಯವರ ಹಳೆಯ ತತ್ತ್ವವೇ. ೧೯೯೦ರ ದಶಕದಲ್ಲಿ ಡಿಜಿಟೆಕ್ ಕಂಪನಿಯ ‘ವೊಕಲಿಸ್ಟ್’ ಎಂಬ ಉಪಕರಣಗಳು ಸಹಜಕ್ಕೆ ಹತ್ತಿರವಾದ ಸಹಗಾಯಕರನ್ನು ಒದಗಿಸತೊಡಗಿದವು. ಇಂಗ್ಲೆಂಡಿನ ಇಮೊಜನ್ ಹೀಪ್ ಅವರು ತಮ್ಮ ಕಂಪ್ಯೂಟರು ಕೆಟ್ಟುಹೋದ ಒಂದು ರಾತ್ರಿ, ಕೈಗೆ ಸಿಕ್ಕ ಇಂಥ ಉಪಕರಣವನ್ನೂ ಒಂದು ಕೀಲಿಮಣೆಯನ್ನೂ ಜೋಡಿಸಿಕೊಂಡು ರಚಿಸಿದ ‘ಹೈಡ್ ಅಂಡ್ ಸೀಕ್’ ೨೦೦೫ರಲ್ಲಿ ಲೋಕಪ್ರಸಿದ್ಧವಾಯಿತು. ಆ ಹಾಡಿನಲ್ಲಿ ಬೇರೆ ವಾದ್ಯವೇ ಇಲ್ಲ; ಕಂಠ, ಕೀಲಿಮಣೆ, ಯಂತ್ರ ಇಷ್ಟೇ. ಅನಂತರ ಜೇಕಬ್ ಕಾಲಿಯರ್ ಎಂಬ ತರುಣ, ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಬೆನ್ ಬ್ಲೂಂಬರ್ಗರ ನೆರವಿನಿಂದ, ಹಾಡುತ್ತಿರುವಂತೆಯೇ ಹಲವು ಸ್ವರಗಳನ್ನು ಬೆರಳಿನಿಂದ ಪೋಣಿಸಬಲ್ಲ ವಾದ್ಯವನ್ನು ಸಿದ್ಧಪಡಿಸಿಕೊಂಡು ದೇಶದೇಶಗಳಲ್ಲಿ ನುಡಿಸಿದ್ದಾರೆ.

ಟೆಲಿಫೋನಿನ ಕಡೆ ಡಡ್ಲಿಯವರ ಮೂಲ ಉದ್ದೇಶ ಏನಾಯಿತು? ಅದು ಕೈಗೂಡಿತು, ಅದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಕಾನ್ಪುರದಲ್ಲಿ ಹುಟ್ಟಿದ ಬಿಷ್ಣು ಅಟಲ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೫೫ರಲ್ಲಿ ವಿದ್ಯುತ್ ಸಂಪರ್ಕ ಇಂಜಿನಿಯರಿಂಗಿನ ಡಿಪ್ಲೊಮಾ ಪಡೆದು, ೧೯೫೭ರಿಂದ ೧೯೬೦ರವರೆಗೆ ಅಲ್ಲಿಯೇ ಧ್ವನಿಶಾಸ್ತ್ರದ ಉಪನ್ಯಾಸಕರಾಗಿದ್ದರು. ೧೯೬೧ರಲ್ಲಿ ಅವರು ಬೆಲ್ ಪ್ರಯೋಗಶಾಲೆಯನ್ನು ಸೇರಿದರು. ಕಳೆದುಹೋದ ಕೆಲವು ಅಳತೆಗಳಿಂದ ಮುಂದಿನ ಅಳತೆಯನ್ನು ಊಹಿಸುತ್ತ ಬಾಯಿಯ ಆಕಾರವನ್ನು ಅಚ್ಚುಕಟ್ಟಾಗಿ ಕಂಡುಹಿಡಿಯುವ ಗಣಿತವಿಧಾನವನ್ನು ಅವರು ಬೆಳೆಸಿದರು. ೧೯೮೫ರಲ್ಲಿ ಮ್ಯಾನ್‌ಫ್ರೆಡ್ ಶ್ರೋಡರರೊಡನೆ ಅದಕ್ಕೆ ಇನ್ನೂ ಉತ್ತಮವಾದ ರೂಪ ಕೊಟ್ಟರು. ಮೊಬೈಲ್ ಟೆಲಿಫೋನುಗಳು ಮಾತನ್ನು ಸಂಕ್ಷೇಪಿಸ ಕಲಿತದ್ದು ಈ ವಿಧಾನಗಳಿಂದ. ಹೊಲದ ಬದುವಿನ ಮೇಲೆ ನಿಂತು ಮಗಳೊಡನೆ ಮಾತನಾಡುವ ರೈತನ ಧ್ವನಿಯೂ ಒಮ್ಮೆ ಬಿಡಿಬಿಡಿಯಾಗಿ, ಆಚೆಯ ತುದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕಂಠದ ಕೆಲಸವನ್ನು ಬೆರಳಿಗೆ ಒಪ್ಪಿಸಿದರೆ ಉಳಿಯುವುದೇನು? ಕೀಲಿಮಣೆಗೂ ಕಂಠಕ್ಕೂ ನಡೆದ ವಾಗ್ವಾದ ನಮ್ಮವರಿಗೆ ಹೊಸದಲ್ಲ. ನಾಟಕ ಕಂಪನಿಗಳ ಪೇಟಿ ಮಾಸ್ತರರು ಹಾರ್ಮೋನಿಯಂ ನುಡಿಸಿ ನಟರ ಕಂಠಕ್ಕೆ ಬೆಂಬಲ ನೀಡುತ್ತಿದ್ದ ಕಾಲದಲ್ಲಿಯೇ, ಆ ವಾದ್ಯದ ಹನ್ನೆರಡು ಸ್ಥಿರಸ್ವರಗಳಲ್ಲಿ ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗಳಿಗೂ ಗಮಕಗಳಿಗೂ ಎಡೆಯಿಲ್ಲವೆಂಬ ಆಕ್ಷೇಪಣೆ ಎದ್ದಿತ್ತು. ೧೯೪೦ರ ಮಾರ್ಚಿಯಿಂದ ನಮ್ಮ ದೇಶದ ಬಾನುಲಿಯಲ್ಲಿ ಹಾರ್ಮೋನಿಯಂ ವಾದ್ಯಕ್ಕೆ ಪ್ರವೇಶ ನಿಷಿದ್ಧವಾಗಿ, ೧೯೭೧ರಲ್ಲಿ ಆ ಕಟ್ಟು ಸಡಿಲವಾದದ್ದನ್ನು ಹಿರಿಯ ಶ್ರೋತೃಗಳು ಬಲ್ಲರು. ಆದರೆ ಹಾರ್ಮೋನಿಯಂ ಕಂಠದ ಪಕ್ಕದಲ್ಲಿ ಕುಳಿತಿತ್ತು. ಗಾಯಕನ ಗಮಕ ಗಾಯಕನಲ್ಲಿಯೇ ಇತ್ತು. ವೊಕೋಡರಿನ ಕೀಲಿಮಣೆಯಾದರೋ ಕಂಠದ ಸ್ಥಾನದಲ್ಲೇ ಕುಳಿತಿದೆ. ತೋಡಿಯ ಗಾಂಧಾರವನ್ನು ಎಷ್ಟು ಸೊಗಸಾಗಿ ಕಂಪಿಸಿ ಹಾಡಿದರೂ ಯಂತ್ರ ಆ ಕಂಪನವನ್ನು ಅಲ್ಲಿಯೇ ಬಿಟ್ಟು, ‘ಆ’ ಎಂಬ ಬಾಯಿಯ ಆಕಾರವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಒತ್ತಿದ ಕೀಲಿಯ ಸ್ವರ ಕಂಬದಂತೆ ನಿಂತಿರುತ್ತದೆ. ಪಕ್ಕದ ಚಕ್ರವನ್ನು ತಿರುಗಿಸಿ ಸ್ವರವನ್ನು ಬಾಗಿಸಬಹುದು, ನಿಜ. ಆಗ ಗಮಕ ಕಂಠದ ವಿದ್ಯೆಯಾಗಿ ಉಳಿಯದೆ ಎಡಗೈಯ ವಿದ್ಯೆಯಾಗುತ್ತದೆ. ಹಾರ್ಮೊನೈಸರಿನಲ್ಲಿ ಇಷ್ಟು ನಷ್ಟವಿಲ್ಲ. ಅಲ್ಲಿ ಮೂಲಕಂಠ ತನ್ನ ಎಲ್ಲ ಬಳುಕುಗಳೊಡನೆ ಮುಂದೆ ನಡೆಯುತ್ತದೆ, ನಕಲುಗಳು ಹಿಂಬಾಲಿಸುತ್ತವೆ. ಆದರೆ ನಕಲುಗಳಿಗೆ ಒತ್ತಿದ ಕೀಲಿಯ ಸ್ವರವನ್ನೇ ಕಡ್ಡಾಯ ಮಾಡಿದಾಗ, ಬಳುಕುವ ಒಂದು ಕಂಠದ ಸುತ್ತ ನೆಟ್ಟಗೆ ನಿಂತ ಸಿಪಾಯಿಗಳ ಸಾಲೊಂದು ಕಂಡಂತಾಗುತ್ತದೆ.

ಹೀಗೆಂದು ಈ ವಾದ್ಯವನ್ನು ಬಹಿಷ್ಕರಿಸಬೇಕಾಗಿಲ್ಲ. ಸ್ಥಿರಸ್ವರಗಳನ್ನೇ ಇಟ್ಟಿಗೆಯಂತೆ ಪೇರಿಸಿ ಕಟ್ಟುವ ಸಂಗೀತಕ್ಕೆ ಇದು ಒಪ್ಪುವ ಸಾಧನ. ಅಲ್ಲಿ ಒಂಟಿ ಗಾಯಕನಿಗೆ ಇದು ಬಳಗವನ್ನೇ ಕೊಟ್ಟಿದೆ. ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯಲ್ಲೇ ಜೀವವಿರಿಸಿಕೊಂಡ ನಮ್ಮ ಸಂಗೀತಕ್ಕೆ, ಆ ದಾರಿಯನ್ನು ಅಳಿಸುವ ಯಂತ್ರವನ್ನು ಯಾವ ಸ್ಥಾನದಲ್ಲಿ ಕೂರಿಸಬೇಕೆಂಬುದನ್ನು ಹಾಡುವವರೇ ನಿರ್ಧರಿಸಬೇಕು. ಶ್ರುತಿಯ ಬುರುಡೆಯಾಗಿ, ಹಿನ್ನೆಲೆಯ ಮೋಡವಾಗಿ ಅದು ಸೊಗಸಬಹುದು. ಕಂಠದ ಬದಲಿಗೆ ನಿಲ್ಲಲಾರದು. ಡಡ್ಲಿಯವರು ಕಂಠವನ್ನು ಬರಿಯ ವಾಹಕವೆಂದು ಕರೆದದ್ದು ಟೆಲಿಫೋನಿನ ಮಟ್ಟಿಗೆ ಸರಿ. ಸಂಗೀತದಲ್ಲಿ ಮಾತ್ರ ವಾಹನವೇ ಎಷ್ಟೋ ಸಲ ದೇವರಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಮಾತಿಲ್ಲದ ಆಲಾಪನೆಗೆ ನಾವು ಗಂಟೆಗಟ್ಟಲೆ ಕಿವಿಗೊಟ್ಟು ಕೂರುವುದು ಅದಕ್ಕಾಗಿಯೇ ಅಲ್ಲವೆ?